ಮರೆಯಲ್ಲಿ ನಿಂತ ಉಪಕಾರಿ

ಖಡಕಿಯ ಕನ್ನಡಿಗರಾದ ನಮ್ಮಲ್ಲಿ ಅನೇಕರು ವರ್ಗಾವಣೆಯ ಆದೇಶ ಹಿಡಿದು ಬಂದವರು. 1869ರಲ್ಲಿ ಆರಂಭವಾದ ಮದ್ದುಗುಂಡು ಕಾರ್ಖಾನೆ, ಬಾಂಬೆ ಸ್ಯಾಪರ್ಸ್ ಕೇಂದ್ರ, ಅವುಗಳ ಸುತ್ತಣ ಕಚೇರಿಗಳು ಎಲ್ಲೆಲ್ಲಿಯವರನ್ನೋ ಇಲ್ಲಿಗೆ ಕರೆತರುತ್ತವೆ. ಹೊಸದಾಗಿ ಬಂದ ಹೆಣ್ಣುಮಗಳಿಗೆ ಮರಾಠಿ ಬಾರದು. ಬಾಡಿಗೆಯ ಕೋಣೆ, ಗ್ಯಾಸ್ ಸಂಪರ್ಕ, ಲೋಕಲ್ ರೈಲಿನ ಪಾಸು ಎಲ್ಲಕ್ಕೂ ಯಾರದಾದರೂ ನೆರವು ಬೇಕು. ‘ನೀವು ಕನ್ನಡದವರಾ?’ ಎಂಬ ಒಂದು ಪ್ರಶ್ನೆಗೆ ಅವಳ ಅರ್ಧ ಅಂಜಿಕೆ ಕರಗುತ್ತದೆ. ಕೇಳಿದವನ ಮನದಲ್ಲಿ ಬೇರೊಂದು ಆಸೆ ಇರಬಹುದೆಂಬುದು ಆಗ ಅವಳಿಗೆ ಹೊಳೆಯುವುದಿಲ್ಲ.

ಆಸೆಯೇ ಅಪರಾಧವೆಂದು ನಾವು ಹೇಳುತ್ತಿಲ್ಲ. ಸ್ನೇಹ ಪ್ರೀತಿಯಾಗಿ ಮಾಗಿದ ಮನೆಗಳು ನಮ್ಮ ನಡುವೆಯೇ ಇವೆ. ನಮ್ಮ ತಕರಾರು ಮರೆಯ ಬಗ್ಗೆ. ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತ ಮರದ ಮರೆಯಿಂದ ಶಕುಂತಲೆಯನ್ನು ನೋಡಿ ಮನಸೋಲುತ್ತಾನೆ. ದುಂಬಿ ಕಾಡಿದಾಗ ರಕ್ಷಕನಾಗಿ ಮುಂದೆ ಬರುತ್ತಾನೆ. ಯಾರೆಂದು ಕೇಳಿದರೆ, ಧರ್ಮಕಾರ್ಯಗಳ ಮೇಲ್ವಿಚಾರಣೆಗೆ ರಾಜನು ನೇಮಿಸಿದ ಅಧಿಕಾರಿ ಎನ್ನುತ್ತಾನೆ. ಪ್ರೇಮಿಗೆ ಸರ್ಕಾರಿ ನೌಕರನ ವೇಷವೇ ಸುರಕ್ಷಿತವೆನಿಸಿದ್ದು ನಮ್ಮಂಥವರಿಗೆ ನಗು ತರಿಸುತ್ತದೆ. ಅಲ್ಲಿ ಅವಳೂ ಒಲಿದಳು, ನಾಟಕ ಮುಂದೆ ಸಾಗಿತು. ಒಲಿಯದಿದ್ದರೆ ದುಂಬಿ ಓಡಿಸಿದ ಉಪಕಾರದ ಲೆಕ್ಕ ಏನಾಗುತ್ತಿತ್ತು?

ಕೇಂದ್ರ ನೌಕರರ 1964ರ ನಡತೆ ನಿಯಮಗಳಲ್ಲಿ 13ನೆಯದು ಉಡುಗೊರೆಗೆ ಸಂಬಂಧಿಸಿದ್ದು. ಆಕಸ್ಮಿಕ ಊಟವನ್ನಾಗಲಿ, ವಾಹನದಲ್ಲಿ ಕೊಟ್ಟ ಲಿಫ್ಟನ್ನಾಗಲಿ ಅದು ಉಡುಗೊರೆಯೆಂದು ಎಣಿಸುವುದಿಲ್ಲ. ಸರಿಯೇ, ಆದರೆ ಮನಸ್ಸಿನ ಕಡತದಲ್ಲಿ ಅವೆಲ್ಲ ದಾಖಲಾಗುತ್ತವೆ. ಮಳೆಯಲ್ಲಿ ಕೊಡೆ ಹಿಡಿದದ್ದು, ಜ್ವರದ ರಾತ್ರಿ ಔಷಧಿ ತಂದದ್ದು, ಒಂದೊಂದೂ ಕಂತು. ‘ಇಲ್ಲ’ ಎಂದ ದಿನ ಅಷ್ಟೂ ಸಾಲವೆಂದು ಹೊರಬೀಳುತ್ತದೆ, ಅವಳು ಕೃತಘ್ನೆಯೆನಿಸಿಕೊಳ್ಳುತ್ತಾಳೆ. 2013ರ ಕಾಯ್ದೆಯಂತೆ ಕಚೇರಿಯಲ್ಲಿ ಆಂತರಿಕ ಸಮಿತಿ ಇದೆ, ನಿಜ. ತಂದುಕೊಟ್ಟ ಔಷಧಿಯ ಬಗ್ಗೆ ಅಲ್ಲಿ ಏನೆಂದು ದೂರುವುದು? ಗಂಡಸರೂ ಇಂಥ ಋಣಕ್ಕೆ ಸಿಲುಕುವುದುಂಟು; ಆದರೆ ಪರಊರಿನಲ್ಲಿ ಹೆಚ್ಚಾಗಿ ಬೆಲೆ ತೆರುವವಳು ಅವಳೇ.

ಇದಕ್ಕೆ ವಿರುದ್ಧ ಚಿತ್ರ ಜೇನ್ ಆಸ್ಟಿನ್‌ಳ 1813ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಿದೆ. ಡಾರ್ಸಿ ಮೊದಲು ತನ್ನ ಪ್ರೀತಿಯನ್ನು ಬಾಯಿಬಿಟ್ಟು ಹೇಳುತ್ತಾನೆ (ಒರಟಾಗಿಯೇ ಹೇಳುತ್ತಾನೆ), ನಿರಾಕರಣೆಯನ್ನೂ ಪಡೆಯುತ್ತಾನೆ. ಆಮೇಲೆ ಎಲಿಜಬೆತ್‌ಳ ತಂಗಿಯ ಮಾನ ಉಳಿಸಲು ಹಣ ಸುರಿದು, ಅದು ತನ್ನದೆಂದು ಯಾರಿಗೂ ತಿಳಿಯದಂತೆ ನೋಡಿಕೊಳ್ಳುತ್ತಾನೆ. ಪ್ರೀತಿ ಬಯಲಿನಲ್ಲಿ, ಉಪಕಾರ ಮರೆಯಲ್ಲಿ. ನಮ್ಮ ಕಣ್ಣಿಗೆ ಬೀಳುವುದು ಇದರ ತಿರುವುಮುರುವು.

ಹೀಗೆ ಒಮ್ಮೆ ನೊಂದವಳು ಆ ಒಬ್ಬನನ್ನು ಮಾತ್ರ ದೂರವಿಡುವುದಿಲ್ಲ. ಅವನು ಬರುವನೆಂದು ರಾಜ್ಯೋತ್ಸವಕ್ಕೆ ಬರುವುದಿಲ್ಲ, ಯುಗಾದಿಯ ಊಟಕ್ಕೂ ಇಲ್ಲ. ಖಡಕಿ ಬಜಾರಿನಲ್ಲಿ ನಮ್ಮ ಮಾತು ಕಿವಿಗೆ ಬಿದ್ದರೂ ತಿರುಗಿ ನೋಡದೆ ಮುಂದೆ ಹೋಗುತ್ತಾಳೆ. ಈಚೆಗೆ ಹೊಸಬರಿಗೆ ಮನೆ ಹುಡುಕುವುದಿದ್ದರೆ ಒಬ್ಬರನ್ನೇ ಕಳುಹಿಸದೆ, ಎರಡು ಕುಟುಂಬಗಳನ್ನು ಜೊತೆಗೂಡಿಸೋಣ ಎಂಬ ಮಾತು ನಮ್ಮಲ್ಲಿ ಕೇಳಿಬರುತ್ತಿದೆ.