ಗುಂಡಿನ ಗಾತ್ರವೂ ಗಲ್ಲಾಪೆಟ್ಟಿಗೆಯ ಕಾವಲೂ

ಮೊನ್ನೆ ನಮ್ಮ ಕಚೇರಿಗೆ ಹೋಟೆಲೊಂದರ ಗಲ್ಲಾ ನೋಡಿಕೊಳ್ಳುವ ವಾಚಕರೊಬ್ಬರು ಬಂದಿದ್ದರು. ರಾತ್ರಿ ವ್ಯಾಪಾರ ಮುಗಿದು, ಕುರ್ಚಿಗಳನ್ನು ಮೇಜುಗಳ ಮೇಲೆ ಮಗುಚಿಟ್ಟು ಹುಡುಗರು ನೆಲ ತೊಳೆಯುವ ಹೊತ್ತಿಗೆ, ಆ ದಿನದ ಹಣವನ್ನು ಚೀಲಕ್ಕೆ ತುಂಬಿ ಧಣಿಗಳ ಮನೆಗೆ ಮುಟ್ಟಿಸುವುದು ಅವರ ಕೆಲಸ. ಕೆಲವು ತಿಂಗಳಿಂದ ಯಾರೋ ಇಬ್ಬರು ತಮ್ಮನ್ನು ಹಿಂಬಾಲಿಸುತ್ತಿರುವಂತೆ ಅವರಿಗೆ ಅನುಮಾನ. ಧಣಿಗಳಿಗೆ ತಿಳಿಸಿದಾಗ ಅವರು, "ಒಂದು ರಿವಾಲ್ವರ್ ಇಟ್ಟುಕೊಳ್ಳಿರಿ, ಪರವಾನೆಯ ವಿಷಯ ನೋಡೋಣ" ಎಂದರಂತೆ. ಅಂದಿನಿಂದ ಜೊತೆಗಾರರಲ್ಲಿ ಬಿಸಿಬಿಸಿ ಚರ್ಚೆ. ಇಪ್ಪತ್ತೆರಡು ಬೋರಿನದು ಸಾಕೆಂದು ಒಬ್ಬರು, ಅದು ಕಾಗೆ ಹೊಡೆಯುವುದಕ್ಕಾದೀತೆಂದು ಇನ್ನೊಬ್ಬರು, ನಲವತ್ತೈದಕ್ಕೆ ಕಡಿಮೆಯಾದರೆ ಕೈಯಲ್ಲಿ ದೊಣ್ಣೆ ಹಿಡಿದಂತೆಯೇ ಎಂದು ಮತ್ತೊಬ್ಬರು. "ನೀವೇ ಹೇಳಿರಿ ಸ್ವಾಮಿ, ಎಷ್ಟು ಬೋರಿನದು ಮೇಲು?" ಎಂದು ಅವರು ನಮ್ಮನ್ನು ಕೇಳಿದರು.

ನಾವು ಶಸ್ತ್ರವಿದ್ಯಾ ಪಂಡಿತರಲ್ಲ. ಆದರೂ ಪ್ರಶ್ನೆ ಒಬ್ಬರದಲ್ಲ. ಪರವೂರುಗಳಲ್ಲಿ ಪರರ ಹಣಕ್ಕೆ ಕಾವಲಾಗಿ ದುಡಿಯುವ ನಮ್ಮವರಲ್ಲಿ ಅನೇಕರ ಮನಸ್ಸಿನಲ್ಲಿ ಇದು ಎಂದಾದರೂ ಮೂಡಿರುವಂಥದು. ಆದುದರಿಂದ ನಮಗೆ ತಿಳಿದಷ್ಟನ್ನು ವಾಚಕರ ಮುಂದಿಟ್ಟು, ನಮ್ಮ ಅಭಿಪ್ರಾಯವನ್ನೂ ಸಂಕೋಚವಿಲ್ಲದೆ ತಿಳಿಸಲು ಬಯಸುತ್ತೇವೆ.

ಬೋರು ಎಂದರೆ ನಳಿಗೆಯ ಒಳವ್ಯಾಸ. ಮೂವತ್ತೆರಡು ಎಂದರೆ ಅಂಗುಲದ ನೂರರಲ್ಲಿ ಮೂವತ್ತೆರಡು ಪಾಲು, ಸುಮಾರು ೮ ಮಿಲಿಮೀಟರು. ನಲವತ್ತೈದು ಎಂದರೆ ಹನ್ನೊಂದು ಮಿಲಿಮೀಟರಿಗೂ ಸ್ವಲ್ಪ ಹೆಚ್ಚು. ಈ ಹೆಸರುಗಳನ್ನೂ ಪೂರ್ತಿ ನಂಬುವಂತಿಲ್ಲ. ಮೂವತ್ತೆಂಟು ಎಂದು ಹೆಸರಾದ ಅಮೆರಿಕದ ಕಾಡತೂಸಿನ ಗುಂಡನ್ನು ಅಳೆದರೆ ಅದು ಮೂವತ್ತಾರಕ್ಕಿಂತಲೂ ಕೊಂಚ ಕಡಿಮೆಯೇ. ಅಂಗಡಿಯ ಹಲಗೆಯ ಮೇಲಿನ ಹೆಸರಿಗೂ ಒಳಗಿನ ಸರಕಿಗೂ ವ್ಯತ್ಯಾಸವಿರುವುದು ಹೋಟೆಲಿನವರಿಗೆ ಹೊಸ ಸಂಗತಿಯೇನಲ್ಲ. ಗಾತ್ರದ ಜೊತೆಗೆ ಗುಂಡಿನ ತೂಕ, ವೇಗ, ರಚನೆ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಮೂವತ್ತೆರಡರ ರಿವಾಲ್ವರಿನ ಗುಂಡು ಆರು ಗ್ರಾಮಿಗಿಂತ ಸ್ವಲ್ಪ ಹೆಚ್ಚು ತೂಗಿದರೆ ನಲವತ್ತೈದರದು ಹದಿನೈದು ಗ್ರಾಮಿನಷ್ಟಿರುತ್ತದೆ. ೯ ಮಿಲಿಮೀಟರಿನ ಗುಂಡು ನಳಿಗೆಯಿಂದ ಹೊರಡುವಾಗ ಮೂವತ್ತೆರಡರದಕ್ಕಿಂತ ಸುಮಾರು ಮೂರು ಪಟ್ಟು ಶಕ್ತಿಯನ್ನು ಹೊತ್ತಿರುತ್ತದೆ. ಆದರೆ ಮುಂದಕ್ಕೆ ಹೋದ ಶಕ್ತಿಗೆ ತಕ್ಕ ಒದೆತ ಹಿಂದಕ್ಕೂ ಬರುತ್ತದೆ, ಮತ್ತು ಅದು ಬಂದು ಬೀಳುವುದು ಹಿಡಿದವನ ಮಣಿಕಟ್ಟಿಗೆ. ಚರ್ಚೆ ಮಾಡುವವರು ಮರೆಯುವ ಮೊದಲ ಮಾತು ಇದು.

ದೊಡ್ಡ ಗುಂಡೋ ಸಣ್ಣ ಗುಂಡೋ ಎಂಬ ಈ ವಿವಾದ ಅಮೆರಿಕದಲ್ಲಿ ನೂರು ವರ್ಷಗಳಿಗೂ ಮೀರಿ ನಡೆದಿದೆ. ಫಿಲಿಪ್ಪೈನ್ಸ್ ದ್ವೀಪಗಳ ಯುದ್ಧದಲ್ಲಿ ತಮ್ಮ ಮೂವತ್ತೆಂಟರ ರಿವಾಲ್ವರುಗಳು ಎದುರಾಳಿಗಳನ್ನು ತಡೆಯಲಾರವಾದವೆಂದು ಅಲ್ಲಿಯ ಸೈನಿಕರು ದೂರಿದರು. ೧೯೦೪ರಲ್ಲಿ ಸೈನ್ಯವು ಕಸಾಯಿಖಾನೆಯ ದನಗಳ ಮೇಲೂ ಶವಗಳ ಮೇಲೂ ಗುಂಡು ಹಾರಿಸಿ ಪರೀಕ್ಷೆ ನಡೆಸಿತು. ಅದರ ಫಲವಾಗಿ ೧೯೧೧ರಲ್ಲಿ ನಲವತ್ತೈದರ ಕೋಲ್ಟ್ ಪಿಸ್ತೂಲು ಸೈನ್ಯವನ್ನು ಸೇರಿತು. ಆದರೆ ೧೯೮೫ರಲ್ಲಿ ಅದೇ ಸೈನ್ಯ ೯ ಮಿಲಿಮೀಟರನ್ನು ಸ್ವೀಕರಿಸಿತು. ಬ್ರಿಟಿಷರಾದರೋ ಇನ್ನೂ ಮೊದಲೇ ಬುದ್ಧಿ ಕಲಿತಿದ್ದರು. ಮೊದಲ ಮಹಾಯುದ್ಧದಲ್ಲಿ ಹೊತ್ತ ಭಾರವಾದ ೦.೪೫೫ರ ರಿವಾಲ್ವರನ್ನು ಸಾಮಾನ್ಯ ಸೈನಿಕನಿಗೆ ಸ್ವಲ್ಪ ಕಾಲದಲ್ಲಿ ಕಲಿಸುವುದು ಕಷ್ಟವೆಂದು ಕಂಡು, ೧೯೩೨ರಲ್ಲಿ ೦.೩೮೦ರ ಹಗುರವಾದ ರಿವಾಲ್ವರಿಗೆ ಇಳಿದರು.

ಇನ್ನೊಂದು ನಿದರ್ಶನವಿದೆ. ೧೯೮೬ರ ಏಪ್ರಿಲ್ ೧೧ರಂದು ಮಿಯಾಮಿಯಲ್ಲಿ ಇಬ್ಬರು ದರೋಡೆಕೋರರಿಗೂ ಅಮೆರಿಕದ ಎಫ್.ಬಿ.ಐ. ಅಧಿಕಾರಿಗಳಿಗೂ ಗುಂಡಿನ ಕಾಳಗವಾಯಿತು. ದರೋಡೆಕೋರರಿಬ್ಬರೂ ಸತ್ತರು, ಆದರೆ ಅದಕ್ಕೆ ಮೊದಲು ಇಬ್ಬರು ಅಧಿಕಾರಿಗಳು ಮಡಿದು ಐವರು ಗಾಯಗೊಂಡರು. ೯ ಮಿಲಿಮೀಟರಿನ ಗುಂಡೊಂದು ಎದುರಾಳಿಯ ಹೃದಯವನ್ನು ಮುಟ್ಟದೆ ನಡುವೆ ನಿಂತಿತೆಂದು ತಪ್ಪನ್ನು ಗುಂಡಿನ ಮೇಲೆ ಹೊರಿಸಲಾಯಿತು. ಆಗ ೧೦ ಮಿಲಿಮೀಟರನ್ನು ತಂದರು. ಅದರ ಒದೆತ ಅನೇಕ ಅಧಿಕಾರಿಗಳಿಗೆ ಒಗ್ಗಲಿಲ್ಲ. ೧೯೯೦ರಲ್ಲಿ ನಲವತ್ತರ ಹೊಸ ಕಾಡತೂಸು ಹುಟ್ಟಿತು. ಕೆಲವು ವರ್ಷಗಳಲ್ಲಿ ಅದನ್ನೂ ಸ್ವೀಕರಿಸಿದರು. ಕೊನೆಗೆ ೨೦೧೪ರಲ್ಲಿ ಆ ಇಲಾಖೆಯ ಶಿಕ್ಷಣ ವಿಭಾಗವೇ, ಸುಧಾರಿಸಿದ ೯ ಮಿಲಿಮೀಟರಿನ ಗುಂಡು ದೊಡ್ಡವುಗಳಿಗೆ ಕಡಿಮೆಯಿಲ್ಲ, ಹೆಚ್ಚಿನವರು ಅದನ್ನು ಬೇಗನೆಯೂ ನೇರವಾಗಿಯೂ ಹೊಡೆಯಬಲ್ಲರು ಎಂದು ವರದಿ ಮಾಡಿತು. ಮೂವತ್ತು ವರ್ಷ ಊರೆಲ್ಲ ಸುತ್ತಿ ಹೊರಟ ಮನೆಯ ಬಾಗಿಲಿಗೇ ಬಂದಂತಾಯಿತು. ಪೊಲೀಸು ಅಧಿಕಾರಿಗಳು ನಿಜವಾದ ಕಾಳಗದಲ್ಲಿ ಹಾರಿಸುವ ಗುಂಡುಗಳಲ್ಲಿ ನೂರಕ್ಕೆ ಇಪ್ಪತ್ತರಿಂದ ಮೂವತ್ತು ಮಾತ್ರ ಗುರಿ ಮುಟ್ಟುತ್ತವೆ ಎಂದೂ ಅದೇ ವರದಿ ಹೇಳಿತು. ವಾಚಕರು ಈ ಮಾತನ್ನು ಎರಡು ಸಲ ಓದಬೇಕೆಂದು ನಮ್ಮ ವಿನಂತಿ. ವರ್ಷವರ್ಷವೂ ತಾಲೀಮು ಪಡೆಯುವ ಪೊಲೀಸರ ಪಾಡು ಇದಾದರೆ, ಹದಿನಾಲ್ಕು ಗಂಟೆ ಗಲ್ಲಾದಲ್ಲಿ ಕುಳಿತು, ಸೊಂಟ ನೋಯುತ್ತ, ಕತ್ತಲಲ್ಲಿ ಮನೆಗೆ ಹೊರಟ ನಮ್ಮ ಬಂಧುವಿನ ಗುರಿ ಹೇಗಿದ್ದೀತು? ತಪ್ಪಿದ ಗುಂಡು ಆಕಾಶಕ್ಕೆ ಹೋಗುವುದಿಲ್ಲ. ಚಾಳಿನ ಯಾವುದಾದರೊಂದು ಕಿಟಕಿಗೆ ಹೋಗುತ್ತದೆ.

ನಮ್ಮ ದೇಶದಲ್ಲಿ ಈ ಆಯ್ಕೆಯ ಬಹುಪಾಲನ್ನು ಕಾನೂನೇ ಮಾಡಿಬಿಟ್ಟಿದೆ. ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯೂ ಅದರ ನಿಯಮಗಳೂ ಸೈನ್ಯದ ೯ ಮಿಲಿಮೀಟರು, ೦.೪೫, ೦.೪೫೫, ೦.೩೮೦ ಇವುಗಳ ಕಾಡತೂಸು ಹಿಡಿಸುವ ಕೈಬಂದೂಕುಗಳನ್ನು ನಿಷಿದ್ಧ ವರ್ಗಕ್ಕೆ ಸೇರಿಸಿವೆ. ಹೊರದೇಶದಿಂದ ಹೊಸದನ್ನು ತರಿಸಿಕೊಳ್ಳುವ ದಾರಿಯೂ ಸಾಮಾನ್ಯ ನಾಗರಿಕನಿಗೆ ಬಹುಮಟ್ಟಿಗೆ ಮುಚ್ಚಿದೆ. ಉಳಿಯುವುದು ಮುಖ್ಯವಾಗಿ ಇಪ್ಪತ್ತೆರಡು ಮತ್ತು ಮೂವತ್ತೆರಡು. ಕಾನಪುರದ ಸರ್ಕಾರಿ ಕಾರ್ಖಾನೆಯ ಮೂವತ್ತೆರಡರ ರಿವಾಲ್ವರು ಬಹುಕಾಲದಿಂದ ಪ್ರಸಿದ್ಧ. ೨೦೧೪ರಲ್ಲಿ ಮಹಿಳೆಯರಿಗೆಂದು ಅಲ್ಲಿಂದ ಬಂದ 'ನಿರ್ಭೀಕ್' ಅರ್ಧ ಕಿಲೋ ತೂಗುತ್ತಿತ್ತು. ಅಂದಿನ ಬೆಲೆ ಒಂದು ಲಕ್ಷ ಇಪ್ಪತ್ತೆರಡು ಸಾವಿರ ರೂಪಾಯಿಗೂ ಹೆಚ್ಚು. ಅದು ನಮ್ಮ ಮಾಣಿಯೊಬ್ಬನ ಎಷ್ಟು ತಿಂಗಳ ಸಂಬಳವೆಂಬುದನ್ನು ವಾಚಕರೇ ಲೆಕ್ಕ ಹಾಕಲಿ. ೨೦೨೩ರಲ್ಲಿ 'ಪ್ರಬಲ್' ಎಂಬ ಇನ್ನೊಂದು ಮೂವತ್ತೆರಡು ಬಂದಿತು.

ಹಾಗಾದರೆ ನಮ್ಮ ಆಯ್ಕೆ ಯಾವುದು? ಕೇಳಿದವರಿಗೆ ಉತ್ತರ ಕೊಡದೆ ಜಾರಿಕೊಳ್ಳುವುದು ಸರಿಯಲ್ಲ. ಕಾನೂನುಬದ್ಧವಾಗಿ ಪರವಾನೆ ಪಡೆದು, ಆಯುಧವನ್ನು ಒಯ್ಯಲೇಬೇಕಾದ ಅನಿವಾರ್ಯತೆ ಇರುವವರಿಗೆ ಮೂವತ್ತೆರಡರ ರಿವಾಲ್ವರೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಇಪ್ಪತ್ತೆರಡರ ಒದೆತ ಅತ್ಯಲ್ಪ, ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಅಂಚಿನಲ್ಲಿ ಸಿಡಿಮದ್ದಿರುವ ಅದರ ಕಾಡತೂಸು, ನಡುವೆ ಸಿಡಿಮದ್ದಿರುವ ಮೂವತ್ತೆರಡರಷ್ಟು ನಂಬಿಕೆಗೆ ಅರ್ಹವಲ್ಲ. ಮೂವತ್ತೆರಡರ ಒದೆತ ಸಾಧಾರಣ ಮಣಿಕಟ್ಟಿಗೂ ಒಗ್ಗುತ್ತದೆ. ಅದರ ನೇರವಂತಿಕೆಯ ವಿಷಯದಲ್ಲಿ ಅನುಮಾನವಿಲ್ಲ. ಅಂತರರಾಷ್ಟ್ರೀಯ ಗುರಿಸ್ಪರ್ಧೆಗಳಲ್ಲಿಯೂ ಅದೇ ಕಾಡತೂಸು ಬಳಕೆಯಲ್ಲಿದೆ. ಪಿಸ್ತೂಲಿಗಿಂತ ರಿವಾಲ್ವರನ್ನು ಏಕೆ ಹೇಳುತ್ತೇವೆಂದರೆ, ಪಿಸ್ತೂಲಿನ ಗುಂಡಿನ ಪೆಟ್ಟಿಗೆಯನ್ನು ಹೊರತೆಗೆದ ಮೇಲೂ ನಳಿಗೆಯಲ್ಲಿ ಒಂದು ಗುಂಡು ಉಳಿದಿರಬಹುದು. ಅದು ಖಾಲಿಯಾಯಿತೆಂದು ಭ್ರಮಿಸಿ ಮನೆಯವರನ್ನೇ ಕೊಂದವರಿದ್ದಾರೆ. ರಿವಾಲ್ವರಿನ ಉರುಳೆಯನ್ನು ತೆರೆದರೆ ಆರು ಮನೆಗಳೂ ಕಣ್ಣಿಗೆ ಕಾಣುತ್ತವೆ. ಒಂದು ಗುಂಡು ಸಿಡಿಯದಿದ್ದರೆ ಕುದುರೆಯನ್ನು ಮತ್ತೆ ಎಳೆದರೆ ಸಾಕು, ಮುಂದಿನದು ಎದುರಿಗೆ ಬರುತ್ತದೆ. ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ. ಗುರಿ ಮುಟ್ಟಿದ ಮೂವತ್ತೆರಡು, ಗೋಡೆಗೆ ಬಡಿದ ನಲವತ್ತೈದಕ್ಕಿಂತ ಮೇಲು.

ನಮ್ಮ ನಾಡಿನಲ್ಲಿಯೇ ಇದಕ್ಕೊಂದು ನಿದರ್ಶನವಿದೆ. ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವ ಸಂಪ್ರದಾಯ. ಕೈಲ್‌ಪೊಳ್ದಿನಂದು ಕೋವಿಗೆ ಪೂಜೆ ನಡೆಯುತ್ತದೆ. ಅಲ್ಲಿಯ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಪರವಾನೆಯ ವಿನಾಯಿತಿಯನ್ನು ೨೦೧೯ರಲ್ಲಿ ಕೇಂದ್ರ ಸರ್ಕಾರ ೨೦೨೯ರವರೆಗೆ ವಿಸ್ತರಿಸಿತು. ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆದರೆ ಅಲ್ಲಿ ಕೋವಿಯು ಮನೆತನದ ಹಿರಿಯನಂತೆ ಗೌರವಕ್ಕೆ ಪಾತ್ರವಾದುದು. ಅದನ್ನು ಹೇಗೆ ಹಿಡಿಯಬೇಕು, ಎಂದು ಹಿಡಿಯಬಾರದು ಎಂಬುದನ್ನು ಮಕ್ಕಳು ಹಿರಿಯರಿಂದ ಕಲಿಯುತ್ತಾರೆ. ಆ ಸಂಸ್ಕಾರವನ್ನು ಬಿಟ್ಟು ಆಯುಧವನ್ನು ಮಾತ್ರ ಅಂಗಡಿಯಿಂದ ತಂದರೆ, ಹಿತ್ತಾಳೆಯ ಬೋಗುಣಿ ತಂದವನು ಅಡಿಗೆಭಟ್ಟನಾದನೆಂದಂತೆ.

ಇಲ್ಲಿಯವರೆಗೆ ಬೋರಿನ ಮಾತಾಯಿತು. ಇನ್ನು ನಾವು ಹೇಳಬೇಕೆಂದಿರುವ ಮುಖ್ಯ ಮಾತು. ಆ ವಾಚಕರನ್ನು ನಾವು, "ಪರವಾನೆ ಯಾರ ಹೆಸರಿನಲ್ಲಿ?" ಎಂದು ಕೇಳಿದೆವು. "ಧಣಿಗಳ ಹೆಸರಿನಲ್ಲಿ ಒಂದು ಇದೆ. ಸದ್ಯಕ್ಕೆ ಅದನ್ನೇ ಒಯ್ಯಿರಿ ಎನ್ನುತ್ತಾರೆ" ಎಂದರು. ಇದನ್ನು ಕೇಳಿ ನಮಗೆ ಗಾಬರಿಯಾಯಿತು. ಒಬ್ಬರ ಪರವಾನೆಯ ಆಯುಧವನ್ನು, ಅದರಲ್ಲಿ ಕಾನೂನುರೀತ್ಯ ಹೆಸರು ಸೇರದ ಇನ್ನೊಬ್ಬರು ಹೀಗೆ ಒಯ್ಯುವುದು ಅಪರಾಧ. ೨೦೧೯ರ ತಿದ್ದುಪಡಿಯ ಮೇಲೆ, ಪರವಾನೆಯಿಲ್ಲದೆ ಬಂದೂಕು ಹೊಂದಿದವನಿಗೆ ಕನಿಷ್ಠ ಎರಡು ವರ್ಷ, ಹೆಚ್ಚೆಂದರೆ ಐದು ವರ್ಷ ಸೆರೆವಾಸವಿದೆ. ನಾಕಾಬಂದಿಯಲ್ಲಿ ಪೊಲೀಸರು ಚೀಲ ಬಿಚ್ಚಿಸಿದರೆ ಮೊದಲು ಠಾಣೆಗೆ ಹೋಗುವವರು ಧಣಿಗಳಲ್ಲ. ಪರವಾನೆ ಸ್ವಂತದ್ದೇ ಆಗಿದ್ದರೂ ಅದು ಯಾವ ಪ್ರದೇಶಕ್ಕೆ ಸಲ್ಲುತ್ತದೆಂಬುದು ಅದರಲ್ಲಿಯೇ ಬರೆದಿರುತ್ತದೆ. ಮಹಾರಾಷ್ಟ್ರಕ್ಕೆ ಮಾತ್ರ ಸಲ್ಲುವ ಪರವಾನೆಯನ್ನು ನಂಬಿ, ರಜೆಯಲ್ಲಿ ರೈಲು ಹತ್ತಿ ಊರಿಗೆ ಆಯುಧ ಒಯ್ದರೆ ಗಡಿ ದಾಟಿದೊಡನೆ ಅಪರಾಧಿಯೇ. ಆತ್ಮರಕ್ಷಣೆಯ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆಯ ೩೪ರಿಂದ ೪೪ರವರೆಗಿನ ಕಲಮುಗಳು ಕೊಟ್ಟಿವೆ, ನಿಜ. ಆದರೆ ಅಗತ್ಯಕ್ಕೆ ಮೀರಿದ ಹಾನಿ ಮಾಡುವ ಹಕ್ಕನ್ನು ಅವು ಯಾರಿಗೂ ಕೊಟ್ಟಿಲ್ಲ. ಚೀಲ ಕಸಿದು ಓಡುವವನ ಬೆನ್ನಿಗೆ ಹೊಡೆದ ಗುಂಡಿಗೆ, ಹೊಡೆದವನು ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲಲ್ಲಿ ನಿಂತು ಉತ್ತರ ಹೇಳಬೇಕಾದೀತು.

ಆ ಚೀಲದ ಹಣ ಯಾರದು? ಧಣಿಗಳದು. ಹಿಂಬಾಲಿಸುವವರ ಎದುರು ನಿಲ್ಲುವ ಜೀವ ಯಾರದು? ನೌಕರನದು. ಊರಿನಲ್ಲಿ ಅವನ ಮನಿಯಾರ್ಡರಿಗಾಗಿ ಕಾದ ದಿನಗಳು ಹೋಗಿ, ಇಂದು ದೂರವಾಣಿಯಲ್ಲಿಯೇ ಹಣ ಮುಟ್ಟುತ್ತದೆ; ಆದರೆ ಕಾಯುವ ತಾಯಿಯೂ ಹೆಂಡತಿಯೂ ಮಕ್ಕಳೂ ಅವರೇ. ಒಂದು ದಿನದ ಕಲೆಕ್ಷನ್ ಹೋದರೆ ಮರುದಿನ ಇಡ್ಲಿ ಬೇಯುತ್ತದೆ, ಗಲ್ಲಾ ತುಂಬುತ್ತದೆ. ಹೋದ ಜೀವಕ್ಕೆ ಮರುದಿನವಿಲ್ಲ.

ನಮ್ಮ ಹೋಟೆಲು ಮಾಲೀಕರಲ್ಲಿ ಅನೇಕರು ತಾವೂ ಒಂದು ಕಾಲದಲ್ಲಿ ಲೋಟ ತೊಳೆದು, ತಟ್ಟೆ ಎತ್ತಿ ಮೇಲೆ ಬಂದವರು. ಕಷ್ಟವನ್ನು ಕಂಡವರು. ಅವರಲ್ಲಿ ನಮ್ಮ ಪ್ರಾರ್ಥನೆ ಇಷ್ಟೆ. ರಿವಾಲ್ವರಿಗೆ ಮಾಡುವ ವೆಚ್ಚದ ಒಂದು ಭಾಗದಲ್ಲಿ ಗೋಡೆಗೆ ಹುದುಗಿಸಿದ ಗಟ್ಟಿಯಾದ ತಿಜೋರಿಯೊಂದನ್ನು ಇಡಬಹುದು. ರಾತ್ರಿಯ ಹಣ ಅಲ್ಲಿಯೇ ಇದ್ದು ಹಗಲಿನಲ್ಲಿ ಬ್ಯಾಂಕಿಗೆ ಹೋಗಲಿ. ಸಾಗಿಸುವ ಹಣಕ್ಕೆ ವಿಮೆ ದೊರೆಯುತ್ತದೆ, ಮಾಡಿಸಲಿ. ಹಣ ಒಯ್ಯಲೇಬೇಕಾದ ದಿನ ಒಬ್ಬರನ್ನೇ ಕಳುಹಿಸದೆ ಇಬ್ಬರನ್ನು ವಾಹನದಲ್ಲಿ ಕಳುಹಿಸಲಿ. ಹೊತ್ತನ್ನೂ ದಾರಿಯನ್ನೂ ಬದಲಿಸುತ್ತಿರಲಿ. ೨೦೧೬ರಿಂದೀಚೆಗೆ ಗಿರಾಕಿಗಳು ದೂರವಾಣಿಯ ಮೂಲಕ ಹಣ ಸಲ್ಲಿಸುವ ರೂಢಿ ಬೆಳೆದು ಗಲ್ಲಾದ ನಗದು ತಾನಾಗಿಯೇ ಕಡಿಮೆಯಾಗುತ್ತಿದೆ. ಅದನ್ನು ಇನ್ನಷ್ಟು ಪ್ರೋತ್ಸಾಹಿಸಲಿ. ಎಲ್ಲಕ್ಕಿಂತ ಮುಖ್ಯವಾಗಿ, "ಯಾರಾದರೂ ಅಡ್ಡಗಟ್ಟಿದರೆ ಚೀಲ ಕೊಟ್ಟುಬಿಡು, ನೀನು ಬಾ" ಎಂಬ ಒಂದು ಮಾತನ್ನು ನೌಕರನಿಗೆ ಬಾಯಿಬಿಟ್ಟು ಹೇಳಲಿ. ಆ ಮಾತು ಕೊಡುವ ಧೈರ್ಯವನ್ನು ಯಾವ ಬೋರಿನ ಗುಂಡೂ ಕೊಡಲಾರದು.

ನಮ್ಮ ವಾಚಕ ಬಂಧುವಿಗೆ ನಾವು ಇದನ್ನೇ ಹೇಳಿ ಕಳುಹಿಸಿದೆವು: ಧಣಿಗಳ ಆಯುಧವನ್ನು ಮುಟ್ಟಬೇಡಿರಿ, ಹಿಂಬಾಲಿಸುವವರ ವಿಷಯವನ್ನು ಠಾಣೆಯಲ್ಲಿ ಬರವಣಿಗೆಯಲ್ಲಿ ತಿಳಿಸಿರಿ, ಧಣಿಗಳೊಡನೆ ತಿಜೋರಿಯ ಮಾತೆತ್ತಿರಿ. ಸಂಕೋಚವೆನಿಸಿದರೆ ಈ ಪತ್ರಿಕೆಯನ್ನು ಮಡಿಸಿ ಅವರ ಮೇಜಿನ ಮೇಲಿಟ್ಟು ಬನ್ನಿರಿ. ಅವರೂ ನಮ್ಮ ವಾಚಕರೇ. ಓದಿಯಾರು ಎಂಬ ನಂಬಿಕೆ ನಮಗಿದೆ.