ಶೆಟ್ಟಿಹಳ್ಳಿಗೆ ರೀಲ್ ಮಾಡೋಕೆ ಹೋಗೋರಿಗೆ

ಮಳೆಗಾಲ ಶುರುವಾದ ಕೂಡಲೇ ಆಫೀಸಿನ ವಾಟ್ಸಾಪ್ ಗ್ರೂಪಲ್ಲಿ ಒಂದು ಮೆಸೇಜ್ ಬಂದೇ ಬರುತ್ತೆ. "ಈ ವೀಕೆಂಡ್ ಫ್ಲೋಟಿಂಗ್ ಚರ್ಚ್ ಹೋಗೋಣ್ವಾ?" ಹತ್ತು ನಿಮಿಷದಲ್ಲಿ ಹನ್ನೆರಡು ಥಂಬ್ಸ್ ಅಪ್. ಶನಿವಾರ ಬೆಳಿಗ್ಗೆ ಐದಕ್ಕೆ ಗೊರಗುಂಟೆಪಾಳ್ಯ ದಾಟಿ, ದಾರಿಯಲ್ಲಿ ತಟ್ಟೆ ಇಡ್ಲಿ ತಿಂದು, ಸುಮಾರು 200 ಕಿಲೋಮೀಟರ್ ಓಡಿಸಿ, ಹಾಸನದ ಆಚೆ ಶೆಟ್ಟಿಹಳ್ಳಿ ತಲುಪೋದು. ಡ್ರೋನ್ ಹಾರಿಸೋದು, ಹಿನ್ನೆಲೆಗೆ ಒಂದು ಪಿಯಾನೋ ಟ್ಯೂನ್ ಹಾಕಿ ಪೋಸ್ಟ್ ಮಾಡೋದು, ಮಧ್ಯಾಹ್ನಕ್ಕೆ ವಾಪಸ್.

ನೀವು ಹೋಗೋದರ ಬಗ್ಗೆ ನನಗೆ ತಕರಾರಿಲ್ಲ, ನಾನೂ ಹೋಗಿದ್ದೀನಿ. ತಕರಾರಿರೋದು ಆ 'ಫ್ಲೋಟಿಂಗ್' ಅನ್ನೋ ಪದದ ಬಗ್ಗೆ. ಚರ್ಚ್ ತೇಲಲ್ಲ ಸ್ವಾಮಿ. ನಾಲ್ಕು ದಶಕದಿಂದ ಪ್ರತಿ ಮಳೆಗಾಲ ಸೊಂಟದವರೆಗೆ ನೀರಲ್ಲಿ ನಿಂತಿದೆ, ಬೇಸಿಗೆಯಲ್ಲಿ ಒಣಗುತ್ತೆ, ಮತ್ತೆ ನೆನೆಯುತ್ತೆ. ಮನುಷ್ಯರನ್ನ ಹೀಗೆ ನಿಲ್ಲಿಸಿದ್ರೆ ಅದಕ್ಕೆ ಶಿಕ್ಷೆ ಅಂತೀವಿ. ಕಟ್ಟಡವನ್ನ ನಿಲ್ಲಿಸಿದ್ರೆ ಈಸ್ಥೆಟಿಕ್ ಅಂತೀವಿ.

ನಾನು ಕೆ.ಆರ್. ನಗರದ ಕಡೆಯವನು. ನಮ್ಮ ತಾಲ್ಲೂಕಲ್ಲೇ ಡೋರ್ನಹಳ್ಳಿ ಇದೆ, ಸಂತ ಅಂತೋಣಿಯವರ ಕ್ಷೇತ್ರ. ರೈತನೊಬ್ಬ ಹೊಲ ಉಳುವಾಗ ಮರದ ವಿಗ್ರಹ ಸಿಕ್ಕಿತು ಅನ್ನೋದು ಅಲ್ಲಿನ ಐತಿಹ್ಯ. 2019ರಲ್ಲಿ ಅದಕ್ಕೆ ಬೆಸಿಲಿಕಾ ಪದವಿ ಬಂತು. ಆದರೆ ನಮ್ಮೂರ ಹೆಂಗಸರಿಗೆ ಆ ಪದವಿ ಬರೋದಕ್ಕಿಂತ ಎಷ್ಟೋ ಮುಂಚಿನಿಂದ ಅವರು 'ಅಂತೋಣಪ್ಪ'. ಜೂನ್ 13ರ ಹಬ್ಬಕ್ಕೆ ಹರಕೆ ಹೊತ್ತು ಹೋಗೋರಲ್ಲಿ ಯಾರು ಯಾವ ಜಾತಿ ಅಂತ ಲೆಕ್ಕ ಇಟ್ಟವರನ್ನ ನಾನು ಕಂಡಿಲ್ಲ. ನಮ್ಮ ಕಡೆ ಹಳ್ಳಿ ಚರ್ಚ್ ಅಂದ್ರೆ ಬರೀ ಒಂದು ಕಟ್ಟಡ ಅಲ್ಲ. ಪಕ್ಕದಲ್ಲಿ ಗುರುಮನೆ, ಹಿಂದೆ ಸಮಾಧಿಗಳು, ಒಂದು ಶಾಲೆ, ಒಂದು ಬಾವಿ, ಹಬ್ಬದ ದಿನ ತೇರು ಹೋಗೋ ಬೀದಿ. ಇಷ್ಟೂ ಸೇರಿದ್ರೆ ಅದು ಚರ್ಚ್.

ಇದನ್ನ ಮನಸಲ್ಲಿಟ್ಕೊಂಡು ಈಗ ಶೆಟ್ಟಿಹಳ್ಳಿಯನ್ನ ನೋಡಿ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಬ್ಬೆ ದ್ಯುಬುವಾ ಅನ್ನೋ ಫ್ರೆಂಚ್ ಪಾದ್ರಿ ಮೈಸೂರು ಸೀಮೆಗೆ ಬಂದರು. ಇಲ್ಲಿನವರ ಹಾಗೇ ಉಡುಪು ಹಾಕಿಕೊಂಡು, ಇಲ್ಲಿನವರ ಊಟ ಮಾಡಿಕೊಂಡು 1823ರವರೆಗೆ ಇದ್ದರು. ಸಿಡುಬಿಗೆ ಲಸಿಕೆ ಹಾಕಿಸಿದವರು, ಹಾಸನದ ಕಡೆ ಕ್ರೈಸ್ತ ರೈತರಿಗೆ ಅಂತ ಬೇಸಾಯದ ನೆಲೆ ಮಾಡಿಕೊಟ್ಟವರು. ಅವರ ನಂತರ ಪ್ಯಾರಿಸ್ ವಿದೇಶಿ ಮಿಷನ್ನಿನ ಪಾದ್ರಿಗಳು ಆ ಕೆಲಸ ಮುಂದುವರಿಸಿದರು. ಹೇಮಾವತಿ ದಂಡೆಯ ಶೆಟ್ಟಿಹಳ್ಳಿಯಲ್ಲಿ 1860ರ ಹೊತ್ತಿಗೆ ಜಪಮಾಲೆ ಮಾತೆಯ ಹೆಸರಲ್ಲಿ ಫ್ರೆಂಚ್ ಪಾದ್ರಿಗಳು ಎಬ್ಬಿಸಿದ್ದು ಈ ಚರ್ಚ್. ಅಂದ್ರೆ ಮೈಸೂರಿನ ಸೇಂಟ್ ಫಿಲೋಮಿನಾ ಇದೆಯಲ್ಲ, ನಾಲ್ವಡಿಯವರು 1933ರಲ್ಲಿ ಅಡಿಗಲ್ಲು ಇಟ್ಟದ್ದು, ಅದಕ್ಕಿಂತ ಇದು ಸುಮಾರು 70 ವರ್ಷ ಹಿರಿದು.

ನಮ್ಮ ರೀಲುಗಳಲ್ಲಿ ಕಾಣದ ವಿಷಯ ಅಂದ್ರೆ ಅದರ ಕಟ್ಟೋಣ. ಚೂಪು ಕಮಾನು ಯುರೋಪಿನ ಗೋಥಿಕ್ ಶೈಲಿಯದು. ಅಲ್ಲಿ ಅದನ್ನ ಕಲ್ಲಲ್ಲಿ ಕೆತ್ತುತ್ತಿದ್ದರು. ಇಲ್ಲಿ ಇಟ್ಟಿಗೆ ಮತ್ತು ಸುಣ್ಣದ ಗಾರೆಯಲ್ಲಿ ಎತ್ತಿದ್ದಾರೆ. ನಕ್ಷೆಯ ಕಲ್ಪನೆ ಫ್ರಾನ್ಸಿನದು, ಮಣ್ಣು ಹಾಸನದ್ದು. ಈಗ ಚಾವಣಿ ಇಲ್ಲ. ಕಮಾನುಗಳ ಸಾಲು, ಗೋಡೆಗಳು, ಬಲಿಪೀಠವಿದ್ದ ತುದಿ ಉಳಿದಿವೆ. ಚಾವಣಿ ಹೋದ ಕಮಾನು ಅಂದ್ರೆ ಒಳಗಿನ ಲೆಕ್ಕಾಚಾರವೆಲ್ಲ ಹೊರಗೆ ಕಾಣೋ ಹಾಗೆ. ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತೆ ಅಂತ ಕಣ್ಣಲ್ಲೇ ಓದಬಹುದು. ಇಂಜಿನಿಯರಿಂಗ್ ಓದಿದವರೇ ಅರ್ಧ ಜನ ಇದ್ದೀರಿ, ಒಬ್ಬರಾದರೂ ಅದನ್ನ ನೋಡಿದ್ದೀರಾ?

1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗೀತು. ಹಿನ್ನೀರು ಬಂತು. ಶೆಟ್ಟಿಹಳ್ಳಿಯಂಥ ಊರುಗಳ ಜನ ಗಂಟುಮೂಟೆ ಕಟ್ಟಿಕೊಂಡು ಬೇರೆ ಕಡೆಗೆ ಹೋದರು. ಗಂಟಲ್ಲಿ ಕಟ್ಟಿಕೊಂಡು ಹೋಗಲಾಗದ್ದು ಅಲ್ಲೇ ಉಳೀತು.

ಅಣೆಕಟ್ಟೇ ಬೇಡವಾಗಿತ್ತು ಅಂತ ನಾನು ಹೇಳ್ತಿಲ್ಲ. ಹಾಸನ, ತುಮಕೂರು, ಮಂಡ್ಯದ ಗದ್ದೆಗಳಿಗೆ ಆ ನೀರು ಬೇಕು. ಇನ್ನೂ ಹೇಳಬೇಕು ಅಂದ್ರೆ, ಗೊರೂರಿನಿಂದ ಬಿಟ್ಟ ಹೇಮಾವತಿ ಅಕ್ಕಿಹೆಬ್ಬಾಳು ದಾಟಿ ಕೆಆರ್‌ಎಸ್ ಹಿನ್ನೀರಿಗೆ ಬಂದು ಕಾವೇರಿ ಆಗುತ್ತೆ. ಅಲ್ಲಿಂದ ಇಳಿದು ಬಂದ ಕಾವೇರಿಯನ್ನೇ ಪಂಪ್ ಮಾಡಿ ನಮ್ಮ ಜಯನಗರಕ್ಕೂ ವೈಟ್‌ಫೀಲ್ಡಿಗೂ ಕೊಡ್ತಾರೆ. ನೀವು ಬೆಳಿಗ್ಗೆ ಬ್ರಷ್ ಮಾಡೋ ನೀರಲ್ಲಿ ಶೆಟ್ಟಿಹಳ್ಳಿಯ ಪಾಲಿದೆ. ಹಾಗಾಗಿ ನಾವು ಅಲ್ಲಿಗೆ ಬರೀ ಟೂರಿಸ್ಟ್ ಆಗಿ ಹೋಗೋಕೆ ಬರಲ್ಲ. ನಾವು ಅಲ್ಲಿಯ ಸಾಲಗಾರರು.

ಈಗ ಆ ಬೆಲ್ಲ-ಮೊಟ್ಟೆ ಕಥೆ. ಪ್ರತಿ ವಿಡಿಯೋದಲ್ಲೂ ಇರುತ್ತೆ: "ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರಿಂದ ಇದು ಇವತ್ತಿಗೂ ಬೀಳದೆ ನಿಂತಿದೆ." ಹಳೇ ಕಾಲದ ಗಾರೆಗೆ ಬೆಲ್ಲ ಹಾಕೋ ಪದ್ಧತಿ ಇತ್ತು, ನಿಜ. ಆದರೆ ಈ ಕಥೆ ನಮಗೆ ಇಷ್ಟ ಆಗೋ ಕಾರಣ ಬೇರೆ. ಕಟ್ಟಡ ತಾನೇ ತನ್ನನ್ನ ನೋಡಿಕೊಳ್ಳುತ್ತೆ ಅಂತಾದ್ರೆ ನಮ್ಮ ಮೇಲೆ ಯಾವ ಜವಾಬ್ದಾರಿಯೂ ಇಲ್ಲ! ವಾಸ್ತವ ಏನಂದ್ರೆ ಸುಣ್ಣದ ಗಾರೆ ನೀರು ಕುಡಿಯುತ್ತೆ. ನೆನೆದು ಒಣಗಿ, ನೆನೆದು ಒಣಗಿ, ವರ್ಷ ವರ್ಷ ಅದರ ಸುಣ್ಣ ಕರಗಿ ಹೋಗುತ್ತೆ. ಗೋಡೆಯ ತಲೆ ಬಯಲಾಗಿದೆ, ಮಳೆ ನೀರು ಮೇಲಿಂದ ನೇರ ಒಳಗೆ ಇಳಿಯುತ್ತೆ. ಬಿರುಕಲ್ಲಿ ಅರಳಿ ಸಸಿ ಹುಟ್ಟಿದ್ರಂತೂ ಕೇಳೋದೇ ಬೇಡ. ಅದರ ಮೇಲೆ ಫೋಟೋಗೆ ಅಂತ ಹತ್ತೋ ನಾವು. ಇತ್ತೀಚಿನ ವರ್ಷಗಳ ಮಳೆಯಲ್ಲಿ ಕಟ್ಟಡದ ಭಾಗಗಳು ಕುಸಿದಿವೆ. ಆಗಲೂ ನಾವು ಮಾಡಿದ್ದು ಅದನ್ನೇ: ಕುಸಿದ ಭಾಗದ ರೀಲ್.

"ನೀರಲ್ಲಿರೋದನ್ನ ಏನು ಮಾಡೋಕಾಗುತ್ತೆ?" ಅಂತ ಕೇಳಬಹುದು. ನಮ್ಮ ಕೆಆರ್‌ಎಸ್‌ನಲ್ಲೇ ಉತ್ತರ ಇದೆ. ಹಳೇ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನ ದಶಕಗಟ್ಟಲೆ ಹಿನ್ನೀರಲ್ಲಿತ್ತು. ಖೋಡೆ ಪ್ರತಿಷ್ಠಾನದವರು ಅದರ ಕಲ್ಲುಗಳನ್ನ ಬಿಚ್ಚಿ, ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದರು. ಇವತ್ತು ಸಂಜೆ ಅಲ್ಲಿ ಕಾರ್ ನಿಲ್ಲಿಸೋಕೆ ಜಾಗ ಸಿಗಲ್ಲ. ಹಾಗಂತ "ದೇವಸ್ಥಾನ ಎತ್ತಿದರು, ಚರ್ಚ್ ಬಿಟ್ಟರು" ಅಂತ ಜಗಳ ಹಚ್ಚೋಕೆ ನಾನು ಬಂದಿಲ್ಲ. ಕಲ್ಲಿಗೆ ಕಲ್ಲು ಕೂರಿಸಿದ ದೇವಸ್ಥಾನವನ್ನ ನಂಬರ್ ಹಾಕಿ ಬಿಚ್ಚಬಹುದು. ಇಟ್ಟಿಗೆ-ಗಾರೆಯ ಚರ್ಚನ್ನ ಬಿಚ್ಚಿದರೆ ಸಿಗೋದು ಪುಡಿ. ಅದನ್ನ ಇರೋ ಜಾಗದಲ್ಲೇ ಉಳಿಸಿಕೊಳ್ಳಬೇಕು, ಬೇರೆ ದಾರಿ ಇಲ್ಲ. ಅದಕ್ಕೇ ಅವಸರ.

"ಪೂಜೆ ನಡೀದೇ ಇರೋ ಚರ್ಚು ಯಾರಿಗೆ ಬೇಕು?" ಅನ್ನೋದು ಇನ್ನೊಂದು ವಾದ. ಹಂಪಿಯ ವಿಠ್ಠಲ ದೇವಸ್ಥಾನದಲ್ಲೂ ನಿತ್ಯಪೂಜೆ ಇಲ್ಲ. ಅದನ್ನ ಬೀಳಲಿ ಅಂತ ಬಿಟ್ಟಿದ್ದೀವಾ?

ಮಾಡೋ ಕೆಲಸ ದೊಡ್ಡದೇನಲ್ಲ. ರಾಜ್ಯದ 1961ರ ಸ್ಮಾರಕ ಕಾಯ್ದೆಯಲ್ಲಿ ವಯಸ್ಸಿನ ಅರ್ಹತೆ 100 ವರ್ಷ. ಈ ಚರ್ಚ್ ಅದನ್ನ ದಾಟಿ 60 ವರ್ಷ ಆಯ್ತು. ನೀರು ಇಳಿದಿರೋ ತಿಂಗಳುಗಳಲ್ಲಿ ಗಿಡ ಕೀಳಬಹುದು, ಗೋಡೆಯ ತಲೆಗೆ ಸುಣ್ಣದ ಗಾರೆಯಿಂದ ಟೋಪಿ ಹಾಕಬಹುದು, ಸಂದು ತುಂಬಬಹುದು. ಸಿಮೆಂಟ್ ಬೇಡ, ಅದು ಹಳೇ ಇಟ್ಟಿಗೆಯ ಉಸಿರು ಕಟ್ಟಿಸುತ್ತೆ. ನೀರಾವರಿ, ಪುರಾತತ್ವ, ಧರ್ಮಪ್ರಾಂತ್ಯ, ಪಂಚಾಯಿತಿ ಒಂದೇ ಮೇಜಿಗೆ ಕೂರಬೇಕು. ಅವರು ಕೂರೋದು ಯಾರಾದ್ರೂ ಬೆನ್ನು ಬಿದ್ದಾಗ ಮಾತ್ರ.

ಇಷ್ಟೆಲ್ಲ ಮಾಡಿದರೂ ಅದು ಶಾಶ್ವತ ಅಲ್ಲ, ಗೊತ್ತು. ಆದರೆ ಅಳತೆ ತೆಗೆದು ದಾಖಲು ಮಾಡಿಡೋಕೆ ಏನಡ್ಡಿ? ನಿಮ್ಮ ಹಾರ್ಡ್ ಡಿಸ್ಕುಗಳಲ್ಲಿ ಆ ಕಟ್ಟಡದ ಹತ್ತು ವರ್ಷದ ಡ್ರೋನ್ ಫೂಟೇಜ್ ಬಿದ್ದಿದೆ. ಅದನ್ನ ಒಟ್ಟುಮಾಡಿ ಫೋಟೋಗ್ರಾಮೆಟ್ರಿಯಿಂದ ಪೂರ್ತಿ ತ್ರೀಡಿ ಮಾದರಿ ಮಾಡೋ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತೆ. ಯಾವ ಗೋಡೆ ಯಾವ ವರ್ಷ ಹೋಯ್ತು ಅಂತ ಅದರಲ್ಲಿ ಗೊತ್ತಾಗುತ್ತೆ. ಆಫೀಸಲ್ಲಿ ವಾರಕ್ಕೆ ಐದು ದಿನ ಯಾವುದೋ ದೇಶದ ಗೋಡೌನಿಗೆ ಇದೇ ಕೆಲಸ ಮಾಡಿಕೊಡ್ತೀರಿ.

ಮುಂದಿನ ಸಲ ಹೋದಾಗ ಇನ್ನೊಂದು ಮಾಡಿ. ಕಾರನ್ನ ದಡದಿಂದ ನೇರ ಹೆದ್ದಾರಿಗೆ ತಿರುಗಿಸಬೇಡಿ. ಸುತ್ತಲ ಊರುಗಳಲ್ಲಿ ಅರವತ್ತು ದಾಟಿದ ಯಾರಾದ್ರೂ ಸಿಕ್ಕರೆ, ಟೀ ಅಂಗಡಿಯಲ್ಲಿ ಕೂತು, ಗಂಟೆ ಹೊಡೀತಿದ್ದದ್ದು ಎಷ್ಟು ಹೊತ್ತಿಗೆ, ತೇರು ಯಾವ ಬೀದಿಯಲ್ಲಿ ಹೋಗ್ತಿತ್ತು, ಅವರ ಅಪ್ಪ-ಅಮ್ಮನ ಸಮಾಧಿ ಎಲ್ಲಿದೆ ಅಂತ ಕೇಳಿ. ಮೊಬೈಲ್ ಹೇಗೂ ಕೈಯಲ್ಲಿರುತ್ತೆ. ರೆಕಾರ್ಡ್ ಒತ್ತಿ.