ನಾರ್ವೆ ಉತ್ತರದ ದಾರಿಯೇ

ನಾರ್ವೆಯವರು ತಮ್ಮ ದೇಶವನ್ನು ‘ನೊರ್ಗೆ’ ಎನ್ನುತ್ತಾರೆ. ಅದರ ಮೂಲ ‘ನೊರ್ಥ್‌ವೆಗ್’, ಅಂದರೆ ಉತ್ತರದ ದಾರಿ ಎಂಬುದು ಬಹುಕಾಲದ ತಿಳಿವಳಿಕೆ. ಅಲ್ಲ, ಮೊದಲ ಭಾಗ ‘ನೋರ್’, ಅಂದರೆ ಇಕ್ಕಟ್ಟಾದ ಕಡಲ ಕವಲು ಎಂದು 1847ರಲ್ಲೇ ನೀಲ್ಸ್ ಹಾಲ್ವೊರ್ಸೆನ್ ಟ್ರೋನ್ನೆಸ್ ವಾದಿಸಿದ್ದರು. ಈಚೆಗೆ ಆ ವಾದ ಮತ್ತೆ ಚಿಗುರಿದೆ. ನಾನು ಒಪ್ಪಲಾರೆ.

ಆ ನಾಡಿನ ಹಳೆಯ ಭಾಷೆಯಾದ ನಾರ್ಸ್ ಆಡುತ್ತಿದ್ದವರ ಸ್ವಂತ ಬರಹಗಳಲ್ಲಿ ‘ಥ್’ ಇಲ್ಲ ಎಂಬುದು ಆ ವಾದದವರ ಮೊದಲ ಮಾತು. ನಿಜ, ಡೆನ್ಮಾರ್ಕಿನ ಯೆಲ್ಲಿಂಗ್‌ನಲ್ಲಿ ಹರಾಲ್ಡ್ ಬ್ಲೂಟೂತ್ ದೊರೆ 10ನೇ ಶತಮಾನದಲ್ಲಿ ನಿಲ್ಲಿಸಿದ ಕಲ್ಲಿನ ಮೇಲೆ ‘ನುರುಯಾಕ್’ ಎಂದೇ ಇದೆ. ಆದರೆ ಅದಕ್ಕೂ ಹಳೆಯ ಸಾಕ್ಷಿಯೊಂದಿದೆ. 890ರ ಸುಮಾರಿಗೆ ಒಟ್ಟಾರ್ ಎಂಬ ನಾರ್ವೆಯ ನಾವಿಕ ಇಂಗ್ಲೆಂಡಿನ ಆಲ್ಫ್ರೆಡ್ ದೊರೆಗೆ ತನ್ನ ಪಯಣದ ಕಥೆ ಹೇಳಿದ. ತನ್ನ ಜನರಲ್ಲೆಲ್ಲ ತೀರ ಉತ್ತರದಲ್ಲಿರುವವನು ತಾನೇ ಎಂದ. ದಕ್ಷಿಣದ ಸ್ಕಿರಿಂಗ್ಸಾಲ್ ಬಂದರಿಗೆ ಹೋಗಲು, ರಾತ್ರಿ ತಂಗುತ್ತ ಸಾಗಿದರೆ, ದಿನವೂ ಒಳ್ಳೆಯ ಗಾಳಿ ಸಿಕ್ಕರೂ ತಿಂಗಳು ಸಾಲದು ಎಂದ. ಆ ದಾರಿಯುದ್ದಕ್ಕೂ ಹಡಗಿನ ಎಡಕ್ಕೆ ಸಿಗುವ ನೆಲವನ್ನು ಲಿಪಿಕಾರ ‘ನೊರ್ಥ್‌ವೆಗ್’ ಎಂದು ಬರೆದಿಟ್ಟ.

ಇಂಗ್ಲಿಷ್ ಲಿಪಿಕಾರ ತನಗೆ ತಿಳಿದಂತೆ ತಿದ್ದಿದ ಎನ್ನುತ್ತಾರೆ. ಹಾಗಾದರೆ ನಾರ್ಸ್ ಭಾಷೆಯಲ್ಲೇ ಪೂರ್ವದ ದಾರಿಗೆ ‘ಔಸ್ಟ್ರ್‌ವೆಗ್’, ದಕ್ಷಿಣದ ದಾರಿಗೆ ‘ಸುಥ್ರ್‌ವೆಗ್’ ಎಂಬ ಹೆಸರುಗಳು ಹೇಗೆ ಬಂದವು? ಅವುಗಳನ್ನು ಯಾವ ಇಂಗ್ಲಿಷಿನವನೂ ತಿದ್ದಲಿಲ್ಲ. ಇನ್ನು ‘ಥ್’ ಬಿದ್ದುಹೋದದ್ದರಲ್ಲಿ ಸೋಜಿಗವಿಲ್ಲ. ‘ಉತ್ತರದ’ ಎಂಬರ್ಥದ ‘ನೊರ್ಥ್‌ರೇನ್’ ಆ ಭಾಷೆಯಲ್ಲೇ ‘ನೊರ್ರೇನ್’ ಆಯಿತು. ಹಳಗನ್ನಡದ ‘ಇರ್ದಂ’ ನಮ್ಮ ಬಾಯಲ್ಲಿ ‘ಇದ್ದನು’ ಆಗಿಲ್ಲವೇ?

ಹಳೆಯ ಆಸ್ಥಾನ ಕವಿಗಳ ಪ್ರಾಸದಲ್ಲಿ ‘ನೋ’ ದೀರ್ಘವಾಗಿದೆ ಎಂಬ ಆಕ್ಷೇಪಕ್ಕೆ ಮಾತ್ರ ತೂಕವಿದೆ. ಅದನ್ನು ತಳ್ಳಿಹಾಕುವುದಿಲ್ಲ. ಆದರೆ ವ್ಯಂಜನ ಬಿದ್ದಾಗ ಅದರ ಹಿಂದಿನ ಸ್ವರ ಹಿಗ್ಗುವುದು ನಾರ್ಸ್‌ನಲ್ಲಿ ಹೊಸದಲ್ಲ. ಥೋರ್ ದೇವರ ಹೆಸರಿನಲ್ಲೂ ನಡೆದದ್ದು ಅದೇ, ಅಲ್ಲಿ ಬಿದ್ದದ್ದು ‘ನ್’. ದೀರ್ಘವೊಂದನ್ನೇ ಹಿಡಿದು ಬೇರೆ ಪದವನ್ನು ತಂದು ಕೂರಿಸಲಾಗದು.

ಕೊನೆಗೆ ಕಡಲನ್ನೇ ಕೇಳೋಣ. ಆ ಕರಾವಳಿಯ ಬಹುಪಾಲು ದ್ವೀಪಗಳ ಮರೆಯಲ್ಲಿ ಸಾಗುತ್ತದೆ, ಒಪ್ಪಿದೆ. ಆದರೆ ಸ್ಟಾಡ್ ಭೂಶಿರದ ಬಳಿ ಆ ಮರೆಯಿಲ್ಲ. ಯೇರೆನ್ ತೀರದಲ್ಲೂ ಇಲ್ಲ. ಅಲ್ಲಿ ಹಡಗು ಬರಿಯ ತೆರೆದ ಸಮುದ್ರಕ್ಕೆ ಎದೆಯೊಡ್ಡಬೇಕು. ತಿಂಗಳಿಗೂ ಮಿಕ್ಕಿದ ಆ ದಾರಿಯಲ್ಲಿ ಇಕ್ಕಟ್ಟು ಅಲ್ಲಲ್ಲಿ ಬಂದುಹೋಗುತ್ತದೆ. ಉತ್ತರ ದಿಕ್ಕು ಮಾತ್ರ ಉದ್ದಕ್ಕೂ ಇದೆ.